ಮನಸ್ಸು ಕುಗ್ಗಿದಾಗ ಹಲ್ಲು ಯಾಕೆ ಕೆಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತೇನೆ. ಜನ ಕುರ್ಚಿಯಲ್ಲಿ ಕೂತು ಕೇಳುವ ಪ್ರಶ್ನೆಗಳು ಒಂದು ಥರ. ಬಿಲ್ ಕೊಟ್ಟು ಚಪ್ಪಲಿ ಹಾಕಿಕೊಳ್ಳುವಾಗ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ಇನ್ನೊಂದು ಥರ. ಇಲ್ಲಿರುವುದು ಹೆಚ್ಚಾಗಿ ಎರಡನೆಯವು. ಕೆಲವು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಬಂದವು. ಅವರವರ ಮಾತಲ್ಲೇ ಬಿಟ್ಟಿದ್ದೇನೆ. ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸುವುದು, ಬದಲಾಯಿಸುವುದು ಮಾತ್ರ ಬೇಡ.

## ಮೊದಲು ಕೇಳುವ ಪ್ರಶ್ನೆಗಳು

ಮನಸ್ಸಿಗೂ ಹಲ್ಲಿಗೂ ಏನ್ ಸಂಬಂಧ ಡಾಕ್ಟ್ರೇ? ಈಗ ಎಲ್ಲದಕ್ಕೂ ಟೆನ್ಷನ್ ಅನ್ನೋದು ಫ್ಯಾಷನ್ ಆಗಿದೆ ಅಲ್ವಾ?

ಸಂಬಂಧ ಇದೆ, ಅದೂ ಎರಡೂ ಕಡೆಯಿಂದ. ಮನಸ್ಸು ಕುಗ್ಗಿದವರು ಮೊದಲು ಕೈಬಿಡುವುದು ದಿನದ ಸಣ್ಣ ಕೆಲಸಗಳನ್ನು. ಸ್ನಾನ, ಬ್ರಷ್, ಹೊತ್ತಿಗೆ ಸರಿಯಾಗಿ ಊಟ. ಊಟದ ಜಾಗಕ್ಕೆ ಬಿಸ್ಕತ್ತು, ಚಿಪ್ಸು, ಸಕ್ಕರೆ ಹಾಕಿದ ಕಾಫಿ ಬರುತ್ತವೆ. ಸಿಗರೇಟು, ಗುಟ್ಕಾ ಏರುತ್ತವೆ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರುಪೇರಾಗಿ ವಸಡಿನ ಸೋಂಕನ್ನು ತಡೆಯುವ ಶಕ್ತಿಯೂ ತಗ್ಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ದಿನ ಕಳೆದ ಸೈನಿಕರಿಗೆ ವಸಡು ಕೊಳೆತು ರಕ್ತ ಸೋರುವ ಕಾಯಿಲೆ ಎಷ್ಟು ಬಂತೆಂದರೆ ಅದಕ್ಕೆ ಟ್ರೆಂಚ್ ಮೌತ್ ಅಂತಲೇ ಹೆಸರು ಬಿತ್ತು. ಅರೆನಿದ್ದೆ, ಸಿಗರೇಟು, ಜೀವಭಯ, ಬಾಯಿ ತೊಳೆಯಲು ನೀರಿಲ್ಲ. ಇವೆಲ್ಲ ಒಟ್ಟಿಗೆ ಸೇರಿದ್ದವು.

ಇನ್ನು ಆ ಕಡೆಯಿಂದ, ಅಂದರೆ ಹಲ್ಲಿನಿಂದ ಮನಸ್ಸಿಗೆ. ಹಲ್ಲು ನೋವು ರಾತ್ರಿ ಜಾಸ್ತಿ, ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಕುಗ್ಗಿದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮುಂದಿನ ಹಲ್ಲು ಹೋದವರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾರೆ. ಮದುವೆ ಮನೆ ಬಿಡುತ್ತಾರೆ, ಇಂಟರ್‌ವ್ಯೂ ಬಿಡುತ್ತಾರೆ, ಫೋಟೋದಲ್ಲಿ ಹಿಂದೆ ನಿಲ್ಲುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದೆ. ಅದರ ಪ್ರಕಾರ, ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಎಲ್ಲ ಹಲ್ಲೂ ಕಳೆದುಕೊಳ್ಳುವ ಸಂಭವ ಉಳಿದವರಿಗಿಂತ ಸುಮಾರು 2.8 ಪಟ್ಟು. ಫ್ಯಾಷನ್‌ಗೆ ಯಾರೂ ಹಲ್ಲು ಕಳೆದುಕೊಳ್ಳುವುದಿಲ್ಲ.

ಡಿಪ್ರೆಶನ್ ಇದ್ದಾಗ ಬ್ರಷ್ ಮಾಡೋಕೂ ಆಗಲ್ಲ. ಅಮ್ಮ ಸೋಮಾರಿ ಅಂತಾರೆ. ನಿಜಕ್ಕೂ ಸೋಮಾರಿತನಾನಾ?

ಅಲ್ಲ. ಸೋಮಾರಿ ಬ್ರಷ್ ಬಿಟ್ಟು ಹಾಯಾಗಿರುತ್ತಾನೆ. ನೀವು ಬ್ರಷ್ ಮಾಡಲಿಲ್ಲ ಅಂತ ದಿನವಿಡೀ ಕೊರಗುತ್ತೀರಿ. ಕೆಲಸ ಶುರು ಮಾಡುವ ಶಕ್ತಿಯೇ ಕಡಿಮೆಯಾಗುವುದು ಈ ಕಾಯಿಲೆಯ ಲಕ್ಷಣ.

ಹಾಗಾಗಿ ಪೂರ್ತಿ ಮಾಡಬೇಕು ಅನ್ನೋದನ್ನು ಸದ್ಯಕ್ಕೆ ಬಿಡಿ. ದಿನಕ್ಕೆ ಒಂದೇ ಸಲ ಆಗುತ್ತದೆ ಅಂದರೆ ಅದು ರಾತ್ರಿ ಇರಲಿ, ಯಾಕೆಂದರೆ ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆ ಊರುತ್ತದೆ, ಹಲ್ಲಿಗೆ ಕಾವಲು ಇರಲ್ಲ. ರಾತ್ರಿ ಆಗಲ್ಲ, ಮಧ್ಯಾಹ್ನ ಮೂರಕ್ಕೆ ಎದ್ದಾಗ ಆಗುತ್ತದೆ ಅಂದರೆ ಮೂರಕ್ಕೇ ಮಾಡಿ. ಬಚ್ಚಲಿಗೆ ಹೋಗುವುದೇ ಕಷ್ಟವಾದರೆ ಬ್ರಷ್, ಪೇಸ್ಟು, ಒಂದು ಲೋಟ ಹಾಸಿಗೆ ಪಕ್ಕದಲ್ಲೇ ಇಟ್ಟುಕೊಳ್ಳಿ. ಕೂತು ಉಜ್ಜಿ ಲೋಟಕ್ಕೆ ಉಗಿಯಿರಿ. ಬಾಯಿ ಮುಕ್ಕಳಿಸದಿದ್ದರೆ ಇನ್ನೂ ಒಳ್ಳೆಯದು, ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ. ಪೇಸ್ಟಿನ ಖಾರ, ವಾಸನೆ ಆಗದಿದ್ದರೆ ಖಾರ ಕಡಿಮೆ ಇರುವುದನ್ನು ಹುಡುಕಿ, ಆದರೆ ಫ್ಲೋರೈಡ್ ಎಷ್ಟಿದೆ ಅಂತ ಪೊಟ್ಟಣದ ಮೇಲೆ ನೋಡಿ. ನಮ್ಮಲ್ಲಿ 1000 ಪಿಪಿಎಂ ಮೇಲ್ಮಿತಿ, ದೊಡ್ಡವರಿಗೆ ಅದರ ಹತ್ತಿರ ಇರುವುದೇ ಬೇಕು. ಏನೂ ಆಗದ ದಿನ ಪೇಸ್ಟನ್ನು ಬೆರಳಲ್ಲಿ ಹಲ್ಲಿಗೆ ಸವರಿ ಮಲಗಿ. ಕಾಲೇಜಿನಲ್ಲಿ ನಮಗೆ ಹೀಗೆ ಹೇಳಿಕೊಟ್ಟಿರಲಿಲ್ಲ, ಆದರೂ ಹೇಳುತ್ತೇನೆ, ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ವಾಸಿ.

ಅಮ್ಮನಿಗೆ: ಬ್ರಷ್ ಮಾಡಿದ್ಯಾ ಅಂತ ದಿನಾ ವಿಚಾರಣೆ ಬೇಡ. ನೀವು ಉಜ್ಜುವಾಗ ಅವರ ಬ್ರಷ್ಷಿಗೂ ಪೇಸ್ಟ್ ಹಾಕಿ ಕೈಗೆ ಕೊಡಿ, ಸಾಕು.

ಪ್ರಾಜೆಕ್ಟ್ ಡೆಡ್‌ಲೈನ್ ಬಂದ್ರೆ ಬಾಯಲ್ಲಿ ಹುಣ್ಣು ಗ್ಯಾರಂಟಿ. ಮನೇಲಿ ಉಷ್ಣ ಅಂತಾರೆ. ಯಾವ್ದು ನಿಜ?

ಒತ್ತಡದಲ್ಲಿ ಹುಣ್ಣು ಏಳುವುದು ನಿಜ, ನಿದ್ದೆಗೆಟ್ಟರೂ ಏಳುತ್ತದೆ. ಒತ್ತಡದಲ್ಲಿ ಕೆನ್ನೆಯ ಒಳಭಾಗ ಕಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಅದರಿಂದಲೂ. ಆದರೆ ಬಿ12, ಫೋಲಿಕ್ ಆಸಿಡ್, ಕಬ್ಬಿಣದ ಕೊರತೆಯಿಂದಲೂ ಇಂಥದ್ದೇ ಹುಣ್ಣು ಬರುತ್ತದೆ. ಅದರಲ್ಲೂ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಮಾಮೂಲಿ. ಬಿ12 ತಗ್ಗಿದರೆ ಸುಸ್ತು, ಮಂಕು, ಮರೆವು ಕೂಡ ಬರುತ್ತವೆ. ಹಾಗಾಗಿ ಪದೇ ಪದೇ ಹುಣ್ಣಾಗುವವರು ಎಳನೀರು ಕುಡಿಯುವುದರ ಜೊತೆಗೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಒಂದೇ ಜಾಗದ ಹುಣ್ಣು ಎರಡು ವಾರ ದಾಟಿಯೂ ಮಾಯದಿದ್ದರೆ, ನೋವಿಲ್ಲದಿದ್ದರೂ, ತೋರಿಸಲೇಬೇಕು.

ನಿದ್ದೇಲಿ ಕಟಕಟ ಅಂತ ಹಲ್ಲು ಕಡೀತೀನಂತೆ, ಹೆಂಡ್ತಿ ಹೇಳ್ತಾಳೆ. ಹೊಟ್ಟೆ ಹುಳಕ್ಕೆ ಮಾತ್ರೆ ತಗೊಂಡ್ರೆ ಸಾಕಾ?

ಹುಳಕ್ಕೂ ಇದಕ್ಕೂ ಗಂಟು ಹಾಕಿದ್ದು ನಮ್ಮ ಅಜ್ಜಿಯರು. ದೊಡ್ಡವರಲ್ಲಿ ಇದಕ್ಕೆ ಸಾಮಾನ್ಯವಾಗಿ ಒತ್ತಡ, ಆತಂಕ, ಕೆಟ್ಟ ನಿದ್ದೆ ಜೊತೆಯಾಗಿರುತ್ತವೆ. ರಾತ್ರಿಯ ಕಾಫಿ, ಸಿಗರೇಟು, ಡ್ರಿಂಕ್ಸ್ ಇದನ್ನು ಹೆಚ್ಚಿಸುತ್ತವೆ. ಜೋರಾಗಿ ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ಕಟ್ಟಿದಂತಾಗುತ್ತದಾ ಅಂತಲೂ ಹೆಂಡತಿಯನ್ನೇ ಕೇಳಿ. ಹೌದು ಅಂದರೆ ಮೊದಲು ನಿದ್ದೆಯ ಪರೀಕ್ಷೆ ಆಗಬೇಕು.

ಬಾಯಿ ತೆರೆದರೆ ನಮಗೆ ಗೊತ್ತಾಗುತ್ತದೆ. ಕೋರೆಹಲ್ಲಿನ ಮೊನೆ ಸವೆದು ಚಪ್ಪಟೆಯಾಗಿರುತ್ತದೆ. ನಾಲಿಗೆ ಅಂಚಿನಲ್ಲಿ ಹಲ್ಲಿನ ಅಚ್ಚು ಸಾಲಾಗಿ ಬಿದ್ದಿರುತ್ತದೆ. ಕೆನ್ನೆಯ ಒಳಗೆ ಹಲ್ಲು ಸೇರುವ ಮಟ್ಟಕ್ಕೆ ಒಂದು ಬಿಳಿ ಗೆರೆ. ಬೆಳಗ್ಗೆ ಎದ್ದಾಗ ಕಣತಲೆ ನೋವು, ದವಡೆ ಬಿಗಿತ. ಎಷ್ಟೋ ಜನ ಇದನ್ನು ಮೈಗ್ರೇನ್ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿರುತ್ತಾರೆ.

ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಕೊಡುತ್ತೇವೆ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ, ಅಷ್ಟೇ. ಹಗಲಿನ ಕೆಲಸ ನಿಮ್ಮದು. ತಿನ್ನುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆ ಗಮನಿಸಿ ನೋಡಿ, ದವಡೆ ಎಷ್ಟು ಬಿಗಿದಿರುತ್ತದೆ ಅಂತ. ನಿಮಗೇ ಆಶ್ಚರ್ಯವಾಗುತ್ತದೆ.

ಹಲ್ಲಿನ ಡಾಕ್ಟರ್ ಅಂದ್ರೆ ಕೈಕಾಲು ನಡುಗುತ್ತೆ. ನಲವತ್ತು ವಯಸ್ಸಾಯ್ತು, ಹೇಳ್ಕೊಳೋಕೂ ನಾಚಿಕೆ.

ಫೋನಿನಲ್ಲೇ ಹೇಳಿಬಿಡಿ: ನನಗೆ ಭಯ ಇದೆ, ಮೊದಲ ದಿನ ಬರೀ ನೋಡಿ, ಏನೂ ಮಾಡಬೇಡಿ. ಇದಕ್ಕೆ ಒಪ್ಪದ ಡಾಕ್ಟರು ನಿಮಗೆ ಬೇಡ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಇಡೀ ದಿನ ಕಾದು ಭಯ ಬೆಳೆಸಿಕೊಳ್ಳುವುದು ತಪ್ಪುತ್ತದೆ. ಕೈ ಎತ್ತಿದರೆ ಮಷಿನ್ ನಿಲ್ಲಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಆ ಕೈಯನ್ನು ಹೆಚ್ಚಿನವರು ಎತ್ತುವುದೇ ಇಲ್ಲ, ಎತ್ತಬಹುದು ಅಂತ ಗೊತ್ತಿದ್ದರೆ ಸಾಕು. ಭಯಕ್ಕೆ ಬಹುಪಾಲು ಕಾರಣ ಚಿಕ್ಕಂದಿನಲ್ಲಿ ಯಾರೋ ಕೈಕಾಲು ಹಿಡಿದು ಹಲ್ಲು ಕಿತ್ತದ್ದು. ತೀರಾ ಜಾಸ್ತಿ ಇದ್ದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಯೋಚನೆ, ನಡವಳಿಕೆಯನ್ನು ಮಾತಿನ ಮೂಲಕ ತಿದ್ದುವ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ಕ್ಲಿನಿಕ್‌ಗಳಲ್ಲಿ ನೈಟ್ರಸ್ ಆಕ್ಸೈಡ್ ಗ್ಯಾಸ್ ಕೊಟ್ಟು ಸಮಾಧಾನವಾಗಿಸಿ ಕೆಲಸ ಮಾಡುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅನ್ನೋ ಭಯ ಇದ್ದರೆ ಅದನ್ನು ಇವತ್ತೇ ಬಿಡಿ. ಹೋಗಲ್ಲ.

## ಮಾತ್ರೆಗಳ ವಿಷಯ

ಸೈಕಿಯಾಟ್ರಿಸ್ಟ್ ಕೊಟ್ಟ ಮಾತ್ರೆ ಶುರು ಮಾಡಿದ್ಮೇಲೆ ಬಾಯಿ ಒಣಗಿ ಅಂಟಂಟಾಗುತ್ತೆ. ಹಲ್ಲೂ ಹುಳುಕಾಗ್ತಿದೆ. ಮಾತ್ರೆಯಿಂದಾನಾ?

ಇರಬಹುದು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳಲ್ಲಿ ಬಾಯಿ ಒಣಗುವುದು ಜಾಸ್ತಿ. ಎಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥವುಗಳಲ್ಲಿ ಕಡಿಮೆ, ಆದರೂ ಇದೆ. ಒಲಾಂಜಪಿನ್, ಕ್ವಟಿಯಾಪಿನ್, ಲಿಥಿಯಂ ತೆಗೆದುಕೊಳ್ಳುವವರಿಗೂ ಆಗುತ್ತದೆ. ಇಂಥವರ ಬಾಯಿಗೆ ಕನ್ನಡಿ ಹಾಕಿದರೆ ಅದು ಕೆನ್ನೆಗೆ ಅಂಟಿಕೊಂಡು, ಎಳೆದರೆ ಟಪ್ ಅಂತ ಬಿಡುತ್ತದೆ. ನಾಲಿಗೆ ಕೆಳಗೆ ಎಂಜಲು ನಿಲ್ಲುವುದಿಲ್ಲ, ಬರೀ ನೊರೆ ಇರುತ್ತದೆ.

ಎಂಜಲು ಅಂದರೆ ನಾವು ಅಸಹ್ಯ ಪಡುತ್ತೇವೆ. ಆದರೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರುವ ಆ ನೀರೇ ಬಾಯಿಯನ್ನು ತೊಳೆಯುತ್ತಿರುತ್ತದೆ, ಆಮ್ಲವನ್ನು ತಗ್ಗಿಸುತ್ತದೆ, ಹಲ್ಲಿಗೆ ಕ್ಯಾಲ್ಸಿಯಂ ವಾಪಸ್ ತುಂಬುತ್ತದೆ. ಅದು ಕಡಿಮೆಯಾದರೆ ಸಾಮಾನ್ಯವಾಗಿ ಹುಳುಕು ಬರದ ಜಾಗದಲ್ಲೂ, ವಸಡಿನ ಅಂಚಿನಲ್ಲಿ, ಮುಂದಿನ ಹಲ್ಲುಗಳಲ್ಲಿ ಹುಳುಕು ಶುರುವಾಗುತ್ತದೆ. ಹಲ್ಲಿನ ಸೆಟ್ ಕೂಡ ನಿಲ್ಲುವುದಿಲ್ಲ.

ಬಾಯಿ ಒಣಗುತ್ತದೆ ಅಂತ ಜನ ಪೆಪ್ಪರ್‌ಮಿಂಟ್ ಚೀಪುತ್ತಾರೆ, ನಿಂಬೆ ಶರಬತ್ತು ಕುಡಿಯುತ್ತಾರೆ. ಅರ್ಧ ಹಲ್ಲು ಹಾಳಾಗುವುದು ಮಾತ್ರೆಯಿಂದಲ್ಲ, ಇದರಿಂದ. ನೀರು ಗುಟುಕು ಗುಟುಕಾಗಿ ಕುಡಿಯಿರಿ, ಸಕ್ಕರೆ ಇಲ್ಲದ ಗಮ್ ಅಗಿಯಿರಿ, ಆಲ್ಕೋಹಾಲ್ ಇರುವ ಮೌತ್‌ವಾಷ್ ಬಿಡಿ. ಕಾಫಿ ಬೇಕೇ ಬೇಕು ಅಂದರೆ ಒಂದೇ ಸಲ ಕುಡಿದು ಮುಗಿಸಿ. ಒಂದು ಲೋಟವನ್ನು ಎರಡು ಗಂಟೆ ಹೀರುತ್ತಾ ಕೂತರೆ ಹಲ್ಲು ಎರಡು ಗಂಟೆಯೂ ಸಕ್ಕರೆಯಲ್ಲೇ ನೆನೆಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹಲ್ಲು ತೋರಿಸಿ ಫ್ಲೋರೈಡ್ ವಾರ್ನಿಷ್ ಅನ್ನೋ ಲೇಪ ಹಚ್ಚಿಸಿಕೊಳ್ಳಿ.

ಹಾಗಾದ್ರೆ ಮಾತ್ರೆ ನಿಲ್ಲಿಸಲಾ?

ಬೇಡ. ಹುಳುಕು ಹಲ್ಲನ್ನು ನಾನು ತುಂಬಿಸಬಲ್ಲೆ. ಕಾಯಿಲೆ ಮರುಕಳಿಸಿದರೆ ಅದರ ಬೆಲೆಯೇ ಬೇರೆ. ಬಾಯಿ ಒಣಗುವ ವಿಷಯ ಮಾತ್ರೆ ಬರೆದವರಿಗೆ ಹೇಳಿ. ಡೋಸ್, ಹೊತ್ತು, ಮಾತ್ರೆ, ಯಾವುದನ್ನಾದರೂ ಬದಲಿಸಲು ಅವರಿಗೆ ದಾರಿ ಇರುತ್ತದೆ. ಎಸಿಟಾಲೋಪ್ರಾಮ್ ಥರದ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಹೊಸದಾಗಿ ಹಲ್ಲು ಕಡಿಯುವುದು ಶುರುವಾದರೆ ಅದನ್ನೂ ಹೇಳಿ, ಅದೂ ಆ ಮಾತ್ರೆಗಳ ಒಂದು ಅಡ್ಡಪರಿಣಾಮ.

ನಮ್ಮಣ್ಣನಿಗೆ ಉಲ್ಟಾ. ರಾತ್ರಿಯೆಲ್ಲ ಜೊಲ್ಲು ಸುರಿದು ದಿಂಬು ಒದ್ದೆ.

ಕ್ಲೋಜಪಿನ್ ತಗೊಳ್ತಿದ್ದಾರಾ ನೋಡಿ. ಅದರಲ್ಲಿ ಇದು ಮಾಮೂಲಿ. ಒಂದು ಕಡೆಗೆ ತಿರುಗಿ, ದಿಂಬು ಸ್ವಲ್ಪ ಎತ್ತರಿಸಿ ಮಲಗಲಿ. ನಿದ್ದೆಯಲ್ಲಿ ಕೆಮ್ಮಿ ಉಸಿರು ಸಿಕ್ಕಿಕೊಂಡಂತಾದರೆ ಬೇಗ ಡಾಕ್ಟರಿಗೆ ಹೇಳಿ.

ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತೀನಿ ಅಂತ ಹಲ್ಲಿನ ಡಾಕ್ಟ್ರಿಗೆ ಹೇಳ್ಬೇಕಾ? ಏನಂದುಕೊಳ್ತಾರೋ.

ಹೇಳಲೇಬೇಕು. ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು.

ಲಿಥಿಯಂ ತಗೊಳ್ಳುವವರ ವಿಷಯ ನೋಡಿ. ಹಲ್ಲು ಕಿತ್ತ ಮೇಲೆ ನಾವು ಅಭ್ಯಾಸಬಲದಿಂದ ಬರೆಯುವುದು ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್. ಇವು ಮೂತ್ರಪಿಂಡದಿಂದ ಲಿಥಿಯಂ ಹೊರಹೋಗುವುದನ್ನು ತಗ್ಗಿಸುತ್ತವೆ. ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ನಡುಕ, ವಾಂತಿಭೇದಿ, ತೊದಲು ಮಾತು, ಓಲಾಟ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರುವ ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ. ಇಂಥವರಿಗೆ ಬರೀ ಪ್ಯಾರಾಸಿಟಮಾಲ್ ಸುರಕ್ಷಿತ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಬರೆಯುವಾಗಲೂ ನಾವು ಯೋಚಿಸಬೇಕು.

ಎಸಿಟಾಲೋಪ್ರಾಮ್, ಫ್ಲುಯೊಕ್ಸೆಟಿನ್ ಥರದವುಗಳ ಜೊತೆ ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಸೇರಿದರೆ ರಕ್ತಸ್ರಾವದ ಸಂಭವ ಏರುತ್ತದೆ, ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ಸೇರಿದರೆ ಮೆದುಳಿನ ಸೆರೊಟೋನಿನ್ ಅನ್ನೋ ರಾಸಾಯನಿಕ ವಿಪರೀತವಾಗುವ ಅಪಾಯ ಇದೆ. ಕಾರ್ಬಮಜೆಪಿನ್ ತಗೊಳ್ಳುವವರಿಗೆ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಆಂಟಿಬಯಾಟಿಕ್ ಬರೆಯಬಾರದು. ಅಮಿಟ್ರಿಪ್ಟಿಲಿನ್ ಇದ್ದರೆ ಅಡ್ರಿನಲಿನ್ ಸೇರಿದ ಅರಿವಳಿಕೆ ಇಂಜೆಕ್ಷನ್ ಎಷ್ಟು ಕೊಡಬೇಕು ಅನ್ನೋದರಲ್ಲಿ ಹುಷಾರಾಗಿರಬೇಕು. ಯಾವ ಮಾತ್ರೆಯನ್ನೂ ನೀವು ನೆನಪಿಟ್ಟುಕೊಳ್ಳಬೇಕಿಲ್ಲ. ಪ್ರಿಸ್ಕ್ರಿಪ್ಷನ್ ಫೋಟೋ ಫೋನಿನಲ್ಲಿರಲಿ, ಇಲ್ಲವೇ ಖಾಲಿ ಸ್ಟ್ರಿಪ್ ಪರ್ಸಿನಲ್ಲಿರಲಿ. ಬಾಯಿಬಿಟ್ಟು ಹೇಳಲು ಮುಜುಗರವಾದರೆ ಸುಮ್ನೆ ತೋರಿಸಿ.

ಸೈಕಿಯಾಟ್ರಿಸ್ಟ್ ಬಾಯಿ ನೋಡಲ್ಲ, ನಾವು ಮಾತ್ರೆ ಕೇಳಲ್ಲ. ಇಬ್ಬರ ನಡುವೆ ಚೀಟಿ ಒಯ್ಯುವವರು ನೀವೇ ಆಗಬೇಕಿದೆ. ಹೀಗಿರಬಾರದು, ಆದರೆ ಸದ್ಯಕ್ಕೆ ಇರುವುದು ಹೀಗೆ. ಗುಟ್ಟು ಹೊರಬೀಳುತ್ತದೆ ಅಂತ ಭಯವಾದರೆ, ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಕೊಟ್ಟ ಹಕ್ಕು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಟೆನ್ಷನ್‌ಗೆ ಅಡಿಕೆ ಹಾಕ್ತೀನಿ. ಬರೀ ಅಡಿಕೆ, ತಂಬಾಕಿಲ್ಲ. ಪರವಾಗಿಲ್ಲ ಅಲ್ವಾ?

ಮಲೆನಾಡಿನವರು ಬೈದುಕೊಳ್ಳಬೇಡಿ, ಇದು ಪರವಾಗಿಲ್ಲ ಅನ್ನುವಂಥದ್ದಲ್ಲ. ಅಡಿಕೆಯ ಅರೆಕೊಲಿನ್ ಮನಸ್ಸಿಗೆ ಸ್ವಲ್ಪ ಚುರುಕು ಕೊಡುವುದು ನಿಜ, ಚಟ ಹಿಡಿಯುವುದೂ ಅದಕ್ಕೇ. ಆದರೆ ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ಕೆನ್ನೆಯ ಒಳಗೆ ಗಟ್ಟಿ ಪಟ್ಟಿಗಳು ಬೆಳೆದು ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಬರುತ್ತದೆ. ಸಾರಿನ ಖಾರ ತಡೆಯಲಾಗುವುದಿಲ್ಲ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಯುತ್ತವಾ ನೋಡಿ. ಹಿಡಿಯದಿದ್ದರೆ ಈ ವಾರವೇ ತೋರಿಸಿ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಜೋಡಿಯಾಗಿ ಮಾರುವುದನ್ನು ಯಾರು ನೋಡಿಲ್ಲ?

ಮಗಳು ಪಿಜಿಯಲ್ಲಿರ್ತಾಳೆ. ಊಟ ಆದ್ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡ್ಕೊತಾಳೆ ಅನ್ನೋ ಅನುಮಾನ. ಹಲ್ಲು ನೋಡಿದ್ರೆ ಗೊತ್ತಾಗುತ್ತಾ?

ಎಷ್ಟೋ ಸಲ ಮೊದಲು ಗೊತ್ತಾಗುವುದು ನಮಗೇ. ಮೇಲಿನ ಮುಂದಿನ ಹಲ್ಲುಗಳ ಹಿಂಬದಿ, ನಾಲಿಗೆ ತಾಗುವ ಕಡೆ, ಹೊಟ್ಟೆಯ ಆಮ್ಲ ತಾಗಿ ತಾಗಿ ನುಣುಪಾಗಿ ಸವೆದಿರುತ್ತದೆ. ಅಂಚು ತೆಳ್ಳಗಾಗಿ ಗಾಜಿನಂತೆ ಕಾಣುತ್ತದೆ. ಕಿವಿಯ ಕೆಳಗೆ ಕೆನ್ನೆ ಊದಿರಬಹುದು. ಆದರೆ ಅಸಿಡಿಟಿ ಜಾಸ್ತಿ ಇದ್ದವರಲ್ಲೂ ಹೀಗಾಗುತ್ತದೆ. ಹಾಗಾಗಿ ಹಲ್ಲು ನೋಡಿ ಅವಳನ್ನು ಹಿಡಿದುಹಾಕಲು ಹೋಗಬೇಡಿ. ನಿಧಾನಕ್ಕೆ ಮಾತಾಡಿ, ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ವಾಂತಿಯಾದ ತಕ್ಷಣ ಬ್ರಷ್ ಮಾಡಬಾರದು, ಮೆತ್ತಗಾದ ಎನಾಮಲ್ ಉಜ್ಜಿ ಹೋಗುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಬ್ರಷ್ ಮಾಡಲು ಕನಿಷ್ಠ ಅರ್ಧ ಗಂಟೆ ಬಿಡಬೇಕು.

ಬಾಯೆಲ್ಲ ಉರಿ. ಮೂರು ಹಲ್ಲು ಕೀಳಿಸಿದ್ರೂ ನೋವು ಹೋಗ್ಲಿಲ್ಲ. ಎಕ್ಸ್‌ರೇ ನಾರ್ಮಲ್. ಎಲ್ಲ ನಿಮ್ಮ ತಲೇಲಿದೆ ಅಂತಾರೆ.

ನಾಲ್ಕನೆಯದನ್ನು ಕೀಳಿಸಬೇಡಿ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಬರುವ ಬರ್ನಿಂಗ್ ಮೌತ್ ಅನ್ನೋದು ನಿಜವಾದ ಕಾಯಿಲೆ. ಹಲ್ಲಿನ ಜಾಗದಲ್ಲಿ ನರದ ನೋವು ಉಳಿದುಬಿಡುವುದೂ ನಿಜವಾದ ಕಾಯಿಲೆ. ಆತಂಕ, ಖಿನ್ನತೆ ಜೊತೆಗಿದ್ದರೆ ನೋವು ಹೆಚ್ಚುತ್ತದೆ, ಹಾಗಂತ ನೋವು ಸುಳ್ಳಲ್ಲ. ಮೊದಲು ಸಕ್ಕರೆ, ಬಿ12, ಕಬ್ಬಿಣ, ಥೈರಾಯ್ಡ್, ಬಾಯಿಯ ಫಂಗಸ್ ನೋಡಬೇಕು. ಎಲ್ಲ ಸರಿ ಇದ್ದರೆ ನರದ ನೋವಿಗೆ ಕೊಡುವ ಮಾತ್ರೆಗಳಿವೆ. ಅವುಗಳಲ್ಲಿ ಕೆಲವು ಖಿನ್ನತೆಗೂ ಕೊಡುವಂಥವೇ. ಚೀಟಿ ನೋಡಿ ಗಾಬರಿಯಾಗಬೇಡಿ. ಇದಕ್ಕೆ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗ ಸರಿಯಾದ ಜಾಗ.

ತಮ್ಮನಿಗೆ ಸ್ಕಿಜೋಫ್ರೇನಿಯಾ. ಬಾಯಿ ಮುಟ್ಟೋಕೆ ಬಿಡಲ್ಲ. ಹಲ್ಲಲ್ಲಿ ಚಿಪ್ ಇಟ್ಟಿದ್ದಾರೆ ಅಂತಾನೆ.

ಚಿಪ್ ಇಲ್ಲ ಅಂತ ವಾದಕ್ಕಿಳಿಯಬೇಡಿ. ಇದೆ ಅಂತಲೂ ಒಪ್ಪಬೇಡಿ. ಹಲ್ಲು ನೋಯ್ತಿದೆಯಾ ಅಂತ ಕೇಳಿ, ಯಾಕೆಂದರೆ ನಿಜವಾದ ನೋವೇ ಇಂಥ ನಂಬಿಕೆಯ ರೂಪದಲ್ಲಿ ಬಂದಿರುವುದೂ ಉಂಟು. ಬಾಯಿಬಿಟ್ಟು ಹೇಳದವರಲ್ಲಿ ಒಂದೇ ಕಡೆ ಅಗಿಯುವುದು, ಊಟ ಬಿಡುವುದು, ಕೆನ್ನೆ ಹಿಡಿದುಕೊಳ್ಳುವುದು, ಇದ್ದಕ್ಕಿದ್ದಂತೆ ರೇಗುವುದನ್ನು ಗಮನಿಸಿ. ಕಾಯಿಲೆ ಹತೋಟಿಯಲ್ಲಿರುವ ಸಮಯ ನೋಡಿ ಕರೆತನ್ನಿ, ಬೆಳಗಿನ ಮಾತ್ರೆ ತಪ್ಪಿಸಬೇಡಿ. ಪ್ರತಿ ಸಲ ಅದೇ ಡಾಕ್ಟರು, ಅದೇ ಕುರ್ಚಿ. ಲಕ್ಷಣ ನೋಡಿ ಅಂದಾಜಿನ ಮೇಲೆ ಹಲ್ಲು ಕೀಳುವುದು ಬೇಡ ಅಂತ ನೀವೇ ಗಟ್ಟಿಯಾಗಿ ಹೇಳಿ. ಸಹಕರಿಸಲ್ಲ ಅನ್ನೋ ನೆಪದಲ್ಲಿ ಉಳಿಸಬಹುದಾದ ಹಲ್ಲನ್ನೂ ಕಿತ್ತುಹಾಕುವುದು ನಮ್ಮ ವೃತ್ತಿಯ ಕೆಟ್ಟ ಚಾಳಿ.

ಹಲ್ಲಿನ ಇನ್‌ಫೆಕ್ಷನ್ ಮೆದುಳಿಗೇರಿ ಹುಚ್ಚು ಹಿಡಿಯುತ್ತಾ? ಮರೆವಿನ ಕಾಯಿಲೆ ಬರುತ್ತೆ ಅಂತ ವಿಡಿಯೋ ನೋಡ್ದೆ.

ನೂರು ವರ್ಷದ ಹಿಂದೆ ಒಬ್ಬ ದೊಡ್ಡ ಡಾಕ್ಟರು ಇದನ್ನೇ ನಂಬಿದ್ದರು. ಹೆನ್ರಿ ಕಾಟನ್, ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ. ಹುಚ್ಚಿಗೆ ಕಾರಣ ಅಡಗಿ ಕೂತ ಸೋಂಕು ಅಂತ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದರು. ಗುಣವಾಗದಿದ್ದರೆ ಟಾನ್ಸಿಲ್, ಆಮೇಲೆ ದೊಡ್ಡ ಕರುಳು. ಆ ಆಪರೇಷನ್‌ಗಳಲ್ಲಿ ಬಹಳ ಜನ ಸತ್ತರು. ಕಾಟನ್ ತಮ್ಮ ಮಕ್ಕಳ ಹಲ್ಲನ್ನೂ ಕೀಳಿಸಿದ್ದರು. ಆ ಸಿದ್ಧಾಂತ ಬಿದ್ದುಹೋಯಿತು.

ಮರೆವಿನ ಕಾಯಿಲೆಯದು ಬೇರೆ ಕಥೆ. ವಸಡಿನ ಕಾಯಿಲೆ ಇರುವವರಲ್ಲಿ ಅಲ್ಝೈಮರ್ಸ್ ಸ್ವಲ್ಪ ಹೆಚ್ಚು ಕಾಣುತ್ತದೆ. ಆದರೆ ಯಾವುದರಿಂದ ಯಾವುದು ಅನ್ನೋದು ತೀರ್ಮಾನವಾಗಿಲ್ಲ, ಮರೆವು ಶುರುವಾದವರು ಬ್ರಷ್ ಮಾಡುವುದನ್ನೂ ಮರೆಯುತ್ತಾರಲ್ಲ. ವಸಡಿನ ಬ್ಯಾಕ್ಟೀರಿಯಾದ ವಿಷವನ್ನು ತಡೆದು ಅಲ್ಝೈಮರ್ಸ್ ತಗ್ಗಿಸಲು ನೋಡಿದ ಒಂದು ಔಷಧದ ದೊಡ್ಡ ಪ್ರಯೋಗ 2021ರಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಸದ್ಯಕ್ಕೆ ಆ ವಿಡಿಯೋ ಫಾರ್ವರ್ಡ್ ಮಾಡಬೇಡಿ.

ಬೆಂಗಳೂರಲ್ಲಿ ಕಡಿಮೆ ಖರ್ಚಲ್ಲಿ ಎಲ್ಲಿ ಹೋಗೋದು?

ಹಲ್ಲಿಗೆ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜು ಇದೆ. ಕೆ.ಆರ್. ಮಾರುಕಟ್ಟೆ ಮೆಟ್ರೋದಲ್ಲಿ ಇಳಿದರೆ ಹತ್ತಿರ. ವಿ.ವಿ. ಪುರ, ಜೆ.ಪಿ. ನಗರದ ಕಡೆಯ ಖಾಸಗಿ ದಂತ ಕಾಲೇಜುಗಳಲ್ಲೂ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಲೆ ಟೀಚರ್ ನೋಡುತ್ತಾರೆ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಜನಜಂಗುಳಿ ಆಗದವರು ಮಧ್ಯಾಹ್ನದ ಹೊತ್ತು ಯಾವಾಗ ಖಾಲಿ ಅಂತ ಕೇಳಿ ಹೋಗಿ. ಬಾಯಿ ಹುಣ್ಣಿನ ಬಗ್ಗೆ ಅನುಮಾನ ಬಂದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ಮನಸ್ಸಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್. ಅದು ಕಿದ್ವಾಯಿಗೆ ಅಂಟಿಕೊಂಡೇ ಇದೆ. ಅಲ್ಲಿನ ಫೈಲನ್ನು ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗಲೂ ಕೈಯಲ್ಲಿ ಹಿಡಿದುಕೊಳ್ಳಿ. ಎಲ್ಲಿಗೂ ಹೋಗಲು ಆಗದ ದಿನ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.